ಎರಡನೆಯ ಗೆಣ್ಣಿನವರೆಗೆ

ಮೊದಲು ಪೈಪಿನ ನೀರು ಅಂಗಳಕ್ಕೆ ಚೆಲ್ಲು, ಎಂದರು.
ಬಿಸಿಲಲ್ಲಿ ಬಿದ್ದಿದ್ದ ಪೈಪು,
ಒಳಗಿನದು ಚಹಾದಷ್ಟು ಬಿಸಿ.
ಅಂಗೈಗೆ ತಣ್ಣಗಾಗುವ ತನಕ ಕಾಯಿ,
ಆಮೇಲೆ ಗಿಡ.

ಆಂಗ್ಯೊದ ಕುರಾಮೊಚಿ ನರ್ಸರಿಯಲ್ಲಿ ಇದು ನನ್ನ ಮೊದಲ ಪಾಠ.
ಇಪ್ಪತ್ತೆರಡು ವರ್ಷ ಬಸ್ಸು ಓಡಿಸಿದವಳು ನಾನು,
ನಿಮಿಷ ತಪ್ಪದೆ ನಿಲ್ದಾಣ ಮುಟ್ಟಿಸಿದವಳು.
ಬೆಳಿಗ್ಗೆ ಐದು, ಸಂಜೆ ನಾಲ್ಕು ಅಂತ
ಚೀಟಿ ಬರೆದು ಶೆಡ್ಡಿನ ಬಾಗಿಲಿಗೆ ಅಂಟಿಸಿದೆ.
ಹೇಕಿಚಿ ಅದನ್ನು ಕಿತ್ತು ಮೂಗು ಒರೆಸಿಕೊಂಡರು.
ಮೇಪಲ್ಲಿಗೆ ಗಡಿಯಾರ ಗೊತ್ತಿಲ್ಲ ತಾಯಿ,
ಬಾಯಾರಿಕೆ ಗೊತ್ತು.

ಎಪ್ಪತ್ತೊಂಬತ್ತು ಕುಂಡ.
ಒಂದೊಂದನ್ನೂ ಗೆಣ್ಣಿನಿಂದ ತಟ್ಟಿ ಕೇಳಬೇಕು:
ನೀರಿದ್ದರೆ ಮಾಗಿದ ಕಲ್ಲಂಗಡಿಯ ಮಂದ ದನಿ,
ಒಣಗಿದ್ದರೆ ಖಾಲಿ ಡಬ್ಬ.
ನನ್ನ ಕಿವಿಗೆ ಎಲ್ಲವೂ ಇಂಜಿನ್ನು.
ಹಾಗಾದರೆ ಬೆರಳಿಳಿಸು, ಎರಡನೆಯ ಗೆಣ್ಣಿನವರೆಗೆ.
ಮೇಲಿನ ಒಣಮಣ್ಣು ಸುಳ್ಳು ಹೇಳುತ್ತದೆ,
ಮೇಲಿನ ಹಸಿರು ಪಾಚಿ ಇನ್ನೂ ದೊಡ್ಡ ಸುಳ್ಳುಗಾರ.
ಕೊಟ್ಟರೆ ಬುಡದ ತೂತಿನಿಂದ ಇಳಿದು ಹಲಗೆ ನೆನೆಯಬೇಕು,
ಅರ್ಧ ಲೋಟದ ದಾನ ಬೇಡ.
ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲು.
ಕಾಲು ನೆನೆದೇ ಇದ್ದರೆ ಯಾರು ತಾನೇ ನಿಂತಾರು?

ಝಾರಿಯ ತುದಿಗೆ ಹಿತ್ತಾಳೆಯ ಜರಡಿ,
ಇಲ್ಲಿ ಅದಕ್ಕೆ ತಾವರೆಬಾಯಿ ಅನ್ನುತ್ತಾರೆ.
ಮೇಲ್ಮುಖ ಹಿಡಿದರೆ ನೀರು ಮೊದಲು ಆಕಾಶಕ್ಕೆ ಹೊರಟು
ಮನಸ್ಸು ಬದಲಿಸಿ ಇಳಿಯುತ್ತದೆ,
ಮಣ್ಣಿಗೆ ನೋವಾಗದ ಹಾಗೆ.

ಮನೆಯ ಹಿಂದೆ ನೆಲದಲ್ಲೊಂದಿದೆ, ಅವರ ಅಜ್ಜಿ ನೆಟ್ಟದ್ದು.
ಅದರ ಕಾಂಡಕ್ಕೆ ಬಕೆಟ್ಟುಗಟ್ಟಲೆ ಸುರಿದೆ.
ನಕ್ಕರು. ಅದರ ಬಾಯಿ ಅಲ್ಲಿಲ್ಲ,
ಕೊನೆಯ ಎಲೆಯ ಹನಿ ಬೀಳುತ್ತದಲ್ಲ, ಅಲ್ಲಿಗೆ ಹೋಗು.
ಪೈಪು ಸಣ್ಣಗೆ ಬಿಡು, ಊಟ ಮಾಡಿ ಬಾ,
ಆಮೇಲೆ ಹತ್ತು ದಿನ ಮಾತಾಡಿಸಬೇಡ.
ಅದು ಹುಡುಕಿ ಕುಡಿಯಲು ಕಲಿತ ಮರ.
ಕುಂಡದ್ದು ಹಾಗಲ್ಲ. ಅದರ ಭೂಮಂಡಲವೇ ಒಂದು ಗೇಣು,
ನೀನು ಮರೆತರೆ ತಟ್ಟಲು ಬೇರೆ ಬಾಗಿಲಿಲ್ಲ.

ಮರೆತೆ.
ಆಗಸ್ಟಿನ ಮಧ್ಯಾಹ್ನ, ಜೀರುಂಡೆಗಳು ಗರಗಸ ಎಳೆಯುವಾಗ,
ಮೂಲೆಯ ಹದಿನಾಲ್ಕನೆಯ ಕುಂಡ, ನೂಲಿನಂಥ ಎಲೆಯದು,
ಅಂಚೆಲ್ಲ ಸುಟ್ಟ ಕಾಗದ.
ಹುಚ್ಚಿಯಂತೆ ಮೂರು ಸಲ ನೀರು ಹೊಯ್ದೆ.
ಸಾಕು, ಎಂದರು ಹಿಂದಿನಿಂದ.
ನಿನ್ನ ಪಶ್ಚಾತ್ತಾಪ ಅದರ ಬೇರು ಕೊಳೆಸೀತು.
ನೆರಳಿಗಿಡು. ಕಾಯಿ.

ಅವತ್ತೇ ನೋಡಿದ್ದು: ಊಟದ ಮೇಜಿನ ಮೇಲೆ
ಅವರ ಹೆಂಡತಿ ಸವೊ ಇಡುವ ಗಾಜಿನ ಸೀಸೆ,
ನಡುವಿಗೊಂದು ರಬ್ಬರ್ ಬ್ಯಾಂಡು.
ಮೂತ್ರಪಿಂಡ ಕೈಕೊಟ್ಟು ನಾಲ್ಕು ವರ್ಷವಂತೆ,
ವಾರಕ್ಕೆ ಮೂರು ದಿನ ಡಯಾಲಿಸಿಸ್,
ದಿನಕ್ಕೆ ರಬ್ಬರ್ ಬ್ಯಾಂಡಿನಷ್ಟೇ ನೀರು,
ಸಾರು, ಚಹಾ, ಮಂಜುಗಡ್ಡೆಯ ಚೂರು ಎಲ್ಲ ಸೇರಿ.
ತೋಟಕ್ಕೆಲ್ಲ ಕುಡಿಸಿ ಮುಗಿದ ಮೇಲೆ
ಅವರು ತಾವರೆಬಾಯಿಯ ಕೆಳಗೆ ಮಣಿಕಟ್ಟು ಹಿಡಿದು
ಸುಮ್ಮನೆ ನಿಲ್ಲುತ್ತಿದ್ದದ್ದು
ಕೈ ತೊಳೆಯಲು ಅಂದುಕೊಂಡಿದ್ದೆ.

ಜನವರಿ. ಎಲೆ ಒಂದೂ ಇಲ್ಲ.
ಹೆಪ್ಪುಗಟ್ಟಿದ್ದು ಕರಗಲಿ ಅಂತ ಹತ್ತು ಗಂಟೆಗೆ ನೀರು ಕೊಡುತ್ತೇನೆ.
ಅಂಚೆಯ ಹುಡುಗ ಕೇಳುತ್ತಾನೆ, ಕಡ್ಡಿಗಳಿಗೆ ಯಾಕೆ?
ಅವು ಮಲಗಿವೆ, ಉಪವಾಸವಿಲ್ಲ, ಅನ್ನುತ್ತೇನೆ,
ಅವರ ಮಾತು, ನನ್ನ ದನಿ.

ಆಸ್ಪತ್ರೆಯಿಂದ ಫೋನು ಬಂತು.
ನಮಸ್ಕಾರವಿಲ್ಲ, ಕುಶಲವಿಲ್ಲ.
ಹದಿನಾಲ್ಕನೆಯದು ಹೇಗಿದೆ?
ಫೋನನ್ನು ಕುಂಡಕ್ಕೆ ಹಿಡಿದು ತಟ್ಟಿದೆ.
ಆ ಕಡೆ ಬಹಳ ಹೊತ್ತು ಉಸಿರು ಮಾತ್ರ.
ಇನ್ನೆರಡು ದಿನ ತಡೆಯುತ್ತದೆ, ಎಂದರು.

ಫೋನಿಟ್ಟು ಬೆರಳಿಳಿಸಿದೆ.
ಮೊದಲ ಗೆಣ್ಣು, ಪುಡಿಮಣ್ಣು.
ಎರಡನೆಯದಕ್ಕೆ,
ತಣ್ಣಗೆ.